ಅಧ್ಯಕ್ಷರ ಕಚೇರಿಯ ಮುಂದಿನ ರಸ್ತೆ ಯಾರದು? ತೈವಾನಿನ ಇತಿಹಾಸದಿಂದ ಒಂದು ಪಾಠ



ನಮ್ಮ ಊರಿನ ಬಸ್ ನಿಲ್ದಾಣಗಳಲ್ಲಿ ಒಂದು ನೋಟವನ್ನು ನೀವು ಕಂಡೇ ಇರುತ್ತೀರಿ. ಬಸ್ಸು ಬಂದು ನಿಲ್ಲುವ ಮೊದಲೇ ಯಾರೋ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಬಾಗಿಲಿನಿಂದ ಹತ್ತಿ ಬಂದವರು "ಸೀಟು ಖಾಲಿ ಇದೆಯಲ್ಲ" ಎನ್ನುತ್ತಾರೆ. ಟವೆಲ್ ಹಾಕಿದವರು "ನಾನು ಮೊದಲೇ ಹಿಡಿದಿದ್ದೇನೆ" ಎನ್ನುತ್ತಾರೆ. ಈಗ ಆ ಸೀಟಿನ ಬದಲಿಗೆ ಒಂದು ರಾಜಧಾನಿಯ ಅತ್ಯಂತ ಪ್ರಮುಖ ರಸ್ತೆಯನ್ನು ಕಲ್ಪಿಸಿಕೊಳ್ಳಿ. ಟವೆಲಿನ ಬದಲಿಗೆ ಒಂದು ಅರ್ಜಿ. ಪ್ರಯಾಣಿಕರ ಬದಲಿಗೆ ಆಳುವ ಪಕ್ಷ ಮತ್ತು ವಿರೋಧ ಪಕ್ಷ. ತೈವಾನಿನ ರಾಜಕೀಯದಲ್ಲಿ ಇಂಥ ಪೈಪೋಟಿ ಅನೇಕ ಬಾರಿ ನಡೆದಿದೆ. ಅಲ್ಲಿ ಅದಕ್ಕೆ ಹೆಸರೂ ಇದೆ. ಸಭೆ ಸೇರಲು ರಸ್ತೆಯನ್ನು ಪಡೆಯುವ ಅಧಿಕಾರವನ್ನು ಅಲ್ಲಿನವರು 'ರಸ್ತೆಯ ಹಕ್ಕು' ಎಂದೇ ಕರೆಯುತ್ತಾರೆ.

ಸಭೆ ಸೇರುವ ಸ್ವಾತಂತ್ರ್ಯವನ್ನು ಸಂವಿಧಾನದ ಪುಟದಲ್ಲಿ ಓದುವುದು ಸುಲಭ. ಆದರೆ ಸಭೆ ಸೇರುವುದು ಎಲ್ಲಿ, ಯಾವ ದಿನ, ಯಾರ ಒಪ್ಪಿಗೆಯಿಂದ? ಈ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವವರ ಕೈಯಲ್ಲೇ ಆ ಸ್ವಾತಂತ್ರ್ಯದ ಬಹುಪಾಲು ಇರುತ್ತದೆ. ತೈವಾನಿನ ಕಳೆದ ಕೆಲವು ದಶಕಗಳ ಇತಿಹಾಸ ಇದನ್ನು ಸ್ಪಷ್ಟವಾಗಿ ತೋರಿಸುತ್ತದೆ.

ಬೀದಿಯೇ ಮುಚ್ಚಿದ್ದ ಕಾಲ

ಚೀನಾದ ಅಂತರ್ಯುದ್ಧದಲ್ಲಿ ಸೋತ ಚಿಯಾಂಗ್ ಕೈ-ಶೇಕ್ ಮತ್ತು ಅವರ ಕುವೊಮಿನ್‌ಟಾಂಗ್ ಪಕ್ಷದ ಸರ್ಕಾರ 1949ರಲ್ಲಿ ತೈವಾನ್ ದ್ವೀಪಕ್ಕೆ ಬಂದು ನೆಲೆಸಿದ್ದನ್ನು ನೀವು ಪಠ್ಯಪುಸ್ತಕದಲ್ಲಿ ಓದಿರಬಹುದು. ಅದೇ ವರ್ಷದ ಮೇ 20ರಂದು ಅಲ್ಲಿ ಲಷ್ಕರಿ ಕಾನೂನು ಜಾರಿಗೆ ಬಂತು. ಅದು ಕೊನೆಗೊಂಡದ್ದು 1987ರ ಜುಲೈ 15ರಂದು. ಮೂವತ್ತೆಂಟು ವರ್ಷಗಳು! ಸಂವಿಧಾನದ 14ನೇ ವಿಧಿ ಸಭೆ ಸೇರುವ ಸ್ವಾತಂತ್ರ್ಯವನ್ನು ಕೊಟ್ಟಿತ್ತು. ಆದರೆ ಹೊಸ ಪಕ್ಷ ಕಟ್ಟುವಂತಿರಲಿಲ್ಲ, ಬೀದಿಗೆ ಇಳಿಯುವಂತಿರಲಿಲ್ಲ.

ಆದರೂ ಜನ ಬೀದಿಗೆ ಇಳಿದರು. 1979ರ ಡಿಸೆಂಬರ್ 10, ಮಾನವ ಹಕ್ಕುಗಳ ದಿನ. ದಕ್ಷಿಣದ ಕಾವ್ಸಿಯುಂಗ್ ನಗರದಲ್ಲಿ ವಿರೋಧಿ ನಾಯಕರು ಸಭೆ ಕರೆದರು. ಅದಕ್ಕೆ ಅನುಮತಿ ಸಿಕ್ಕಿರಲಿಲ್ಲ. ಪೊಲೀಸರೊಂದಿಗೆ ಘರ್ಷಣೆ ನಡೆಯಿತು, ನಾಯಕರನ್ನು ಸೆರೆ ಹಿಡಿಯಲಾಯಿತು. ಅವರಲ್ಲಿ ಒಬ್ಬರಾದ ಶಿಹ್ ಮಿಂಗ್-ತೆ ಅವರಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಮೊಕದ್ದಮೆಯಲ್ಲಿ ಆಪಾದಿತರ ಪರವಾಗಿ ವಾದಿಸಿದ ಯುವ ವಕೀಲರಲ್ಲಿ ಚೆನ್ ಶುಯ್-ಬಿಯಾನ್ ಒಬ್ಬರು. ಈ ಎರಡು ಹೆಸರುಗಳನ್ನು ನೆನಪಿನಲ್ಲಿಡಿ. ಸುಮಾರು ಇಪ್ಪತ್ತೇಳು ವರ್ಷಗಳ ಬಳಿಕ ಇವರಿಬ್ಬರೂ ಒಂದೇ ರಸ್ತೆಯ ಎರಡು ತುದಿಗಳಲ್ಲಿ ಎದುರಾಗುತ್ತಾರೆ.

1986ರ ಮೇ 19ರಂದು ತೈಪೆ ನಗರದ ಲುಂಗ್‌ಶಾನ್ ದೇವಾಲಯದ ಆವರಣದಲ್ಲಿ ಲಷ್ಕರಿ ಕಾನೂನಿನ ವಿರುದ್ಧ ಜನ ಸೇರಿದರು. ಅವರು ಹೊರಗೆ ಮೆರವಣಿಗೆ ಹೊರಡದಂತೆ ಪೊಲೀಸರು ದೇವಾಲಯವನ್ನೇ ಸುತ್ತುವರಿದರು. ಗಂಟೆಗಟ್ಟಲೆ ಅವರು ಒಳಗೇ ಕುಳಿತರು. ಅದೇ ವರ್ಷದ ಸೆಪ್ಟೆಂಬರ್ 28ರಂದು ಡೆಮಾಕ್ರಟಿಕ್ ಪ್ರೊಗ್ರೆಸಿವ್ ಪಾರ್ಟಿ, ಅಂದರೆ ಡಿ.ಪಿ.ಪಿ., ಸ್ಥಾಪನೆಯಾಯಿತು. ಮರುವರ್ಷ ಲಷ್ಕರಿ ಕಾನೂನು ರದ್ದಾಯಿತು.

ಬಾಗಿಲು ತೆರೆಯಿತು, ಬೀಗದ ಕೈ ಸರ್ಕಾರದಲ್ಲೇ ಉಳಿಯಿತು

ಬೀದಿ ತೆರೆದ ಮೇಲೆ ಸರ್ಕಾರ ಸುಮ್ಮನಿರಲಿಲ್ಲ. 1988ರ ಜನವರಿಯಲ್ಲಿ 'ಸಭೆ ಮತ್ತು ಮೆರವಣಿಗೆ ಕಾಯಿದೆ' ಜಾರಿಗೆ ಬಂತು. ಮುಂದಿನ ಎಲ್ಲ ಜಗಳಗಳ ಬೇರು ಈ ಕಾಯಿದೆಯಲ್ಲಿದೆ. ಆದ್ದರಿಂದ ಅದರ ಮುಖ್ಯ ಅಂಶಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು, ಹೊರಾಂಗಣ ಸಭೆಗೆ ಪೊಲೀಸರ ಅನುಮತಿ ಬೇಕು. ಆರು ದಿನ ಮುಂಚಿತವಾಗಿ ಅರ್ಜಿ ಕೊಡಬೇಕು. ಎರಡನೆಯದು, ಅರ್ಜಿಯೊಂದಿಗೆ ಆ ಜಾಗದ ಮಾಲೀಕರ ಅಥವಾ ಮೇಲ್ವಿಚಾರಕರ ಒಪ್ಪಿಗೆ ಪತ್ರ ಇರಬೇಕು. ರಸ್ತೆಯಾದರೆ ಆ ಒಪ್ಪಿಗೆ ಬರಬೇಕಾದದ್ದು ನಗರಾಡಳಿತದಿಂದ. ಮೂರನೆಯದು, ಅಧ್ಯಕ್ಷರ ಕಚೇರಿ, ನ್ಯಾಯಾಲಯಗಳು, ವಿಮಾನ ನಿಲ್ದಾಣಗಳಂಥ ಸ್ಥಳಗಳ ಸುತ್ತ ನಿರ್ಬಂಧಿತ ವಲಯ ಗುರುತಿಸಬಹುದು. ಅಧ್ಯಕ್ಷರ ಕಚೇರಿಯ ಸುತ್ತ ಅದು 300 ಮೀಟರಿನವರೆಗೆ ಹೋಗಬಹುದು. ಅಲ್ಲಿ ಸಭೆ ಸೇರಲು ವಿಶೇಷ ಮಂಜೂರಾತಿ ಬೇಕು. ನಾಲ್ಕನೆಯದು, ಚದುರಿ ಎಂದು ಆಜ್ಞೆಯಾದ ಮೇಲೂ ಚದುರದಿದ್ದರೆ ಸಭೆಯ ಮುಖಂಡರಿಗೆ ಎರಡು ವರ್ಷದವರೆಗೆ ಸೆರೆವಾಸ.

ಐದನೆಯದನ್ನು ವಿಶೇಷವಾಗಿ ಗಮನಿಸಿ. ಅದೇ ಸಮಯಕ್ಕೆ, ಅದೇ ಸ್ಥಳಕ್ಕೆ ಬೇರೊಬ್ಬರು ಈಗಾಗಲೇ ಅನುಮತಿ ಪಡೆದಿದ್ದರೆ, ನಂತರ ಬಂದವರ ಅರ್ಜಿಯನ್ನು ತಿರಸ್ಕರಿಸಬಹುದು. ಕೇಳಲು ಇದು ಸರಳವಾದ, ನ್ಯಾಯವಾದ ನಿಯಮ. ಒಂದು ಮೈದಾನದಲ್ಲಿ ಒಂದೇ ಹೊತ್ತಿಗೆ ಎರಡು ಪಂದ್ಯ ಆಡಲು ಸಾಧ್ಯವೆ? ಆದರೆ ಈ ನಿಯಮದಿಂದ ಇನ್ನೊಂದು ಪರಿಣಾಮವೂ ಆಯಿತು. ಎದುರಾಳಿಗೆ ಜಾಗ ಸಿಗದಂತೆ ಮಾಡಬೇಕೆ? ನೀವೇ ಮೊದಲು ಅರ್ಜಿ ಹಾಕಿದರೆ ಸಾಕು. ನಿಮ್ಮ ಸಭೆಗೆ ನೂರು ಜನ ಬಂದರೂ ಸರಿ, ಹತ್ತು ಜನ ಬಂದರೂ ಸರಿ, ಅಂದು ರಸ್ತೆ ನಿಮ್ಮದು.

ಒಂದು ರಸ್ತೆಯ ಕಥೆ

ಯಾವ ರಸ್ತೆಗಾಗಿ ಇಷ್ಟೊಂದು ಪೈಪೋಟಿ? ತೈಪೆಯ ನಡುವೆ ಕೆಂಪು ಇಟ್ಟಿಗೆಯ ಒಂದು ಭವ್ಯ ಕಟ್ಟಡವಿದೆ. ಜಪಾನೀಯರ ಆಳ್ವಿಕೆಯಲ್ಲಿ ಗವರ್ನರ್ ಜನರಲ್ ಅವರ ಕಚೇರಿಯಾಗಿ ಅದು 1919ರಲ್ಲಿ ಪೂರ್ಣಗೊಂಡಿತು. ಈಗ ಅದು ಅಧ್ಯಕ್ಷರ ಕಚೇರಿ. ಅದರ ಎದುರಿನಿಂದ ಹಳೆಯ ಕೋಟೆಯ ಪೂರ್ವ ಬಾಗಿಲಿನವರೆಗೆ ಸುಮಾರು 400 ಮೀಟರ್ ಉದ್ದದ, ಬಹಳ ಅಗಲವಾದ ರಸ್ತೆಯೊಂದು ಚಾಚಿಕೊಂಡಿದೆ. ಚಿಯಾಂಗ್ ಕೈ-ಶೇಕರಿಗೆ ದೀರ್ಘಾಯುಷ್ಯ ಕೋರುವ ಅರ್ಥದಲ್ಲಿ ಇದಕ್ಕೆ 'ಜಿಯೆಶೌ ರಸ್ತೆ' ಎಂದು ಹೆಸರಿತ್ತು. 1994ರಲ್ಲಿ ಡಿ.ಪಿ.ಪಿ.ಯ ಚೆನ್ ಶುಯ್-ಬಿಯಾನ್ ತೈಪೆಯ ಮೇಯರ್ ಆಗಿ ಚುನಾಯಿತರಾದರು. 1996ರ ಮಾರ್ಚ್ 21ರಂದು, ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸುವ ಮೊದಲ ಚುನಾವಣೆಗೆ ಎರಡೇ ದಿನ ಮೊದಲು, ಈ ರಸ್ತೆಗೆ ಹೊಸ ಹೆಸರು ಬಂತು: ಕೆಟಗಲನ್ ಮಾರ್ಗ. ತೈಪೆ ಬಯಲಿನಲ್ಲಿ ಹಿಂದೆ ವಾಸಿಸುತ್ತಿದ್ದ ಮೂಲನಿವಾಸಿ ಜನಾಂಗದ ಹೆಸರು ಅದು.

ಇಲ್ಲಿಂದ ಸ್ವಲ್ಪ ದೂರದಲ್ಲೇ ಚಿಯಾಂಗ್ ಕೈ-ಶೇಕ್ ಸ್ಮಾರಕ ಭವನದ ದೊಡ್ಡ ಅಂಗಳವಿದೆ. 1990ರ ಮಾರ್ಚ್ ತಿಂಗಳಲ್ಲಿ ಸಾವಿರಾರು ವಿದ್ಯಾರ್ಥಿಗಳು ಅಲ್ಲಿ ಧರಣಿ ಕುಳಿತರು. ಕಾಡುನೈದಿಲೆಯ ಹೂವು ಅವರ ಲಾಂಛನವಾಗಿತ್ತು. ಅಧ್ಯಕ್ಷ ಲೀ ಟೆಂಗ್-ಹುಯ್ ವಿದ್ಯಾರ್ಥಿ ಪ್ರತಿನಿಧಿಗಳನ್ನು ಕರೆಸಿ ಮಾತನಾಡಿದರು. ತುರ್ತು ಅಧಿಕಾರಗಳನ್ನು ಕೊಟ್ಟಿದ್ದ ತಾತ್ಕಾಲಿಕ ವಿಧಿಗಳು 1991ರ ಮೇ 1ರಂದು ರದ್ದಾದವು. ಅಧಿಕಾರದ ಕಣ್ಣೆದುರಿನ ಜಾಗದಲ್ಲಿ ಕುಳಿತರೆ ಮಾತು ಒಳಗೆ ಕೇಳುತ್ತದೆ ಎಂಬುದನ್ನು ಎಲ್ಲ ಪಕ್ಷಗಳೂ ಅಂದು ಕಲಿತವು. 2007ರಲ್ಲಿ ಡಿ.ಪಿ.ಪಿ. ಸರ್ಕಾರ ಈ ಭವನದ ಹೆಸರನ್ನೂ ಅಂಗಳದ ಹೆಸರನ್ನೂ ಬದಲಾಯಿಸಿತು. 2009ರಲ್ಲಿ ಕುವೊಮಿನ್‌ಟಾಂಗ್ ಸರ್ಕಾರ ಭವನಕ್ಕೆ ಹಳೆಯ ಹೆಸರನ್ನು ಮರಳಿ ಕೊಟ್ಟಿತು. ಅಂಗಳ ಮಾತ್ರ 'ಸ್ವಾತಂತ್ರ್ಯ ಚೌಕ'ವಾಗಿಯೇ ಉಳಿಯಿತು.

ಮೇಯರ್ ಒಂದು ಪಕ್ಷ, ಅಧ್ಯಕ್ಷರು ಇನ್ನೊಂದು ಪಕ್ಷ

2000ದಲ್ಲಿ ಚೆನ್ ಶುಯ್-ಬಿಯಾನ್ ಅಧ್ಯಕ್ಷರಾದರು. ಆದರೆ ತೈಪೆಯ ಮೇಯರ್ ಸ್ಥಾನದಲ್ಲಿ 1998ರಿಂದ ಕುವೊಮಿನ್‌ಟಾಂಗ್ ಪಕ್ಷದ ಮಾ ಯಿಂಗ್-ಜೌ ಇದ್ದರು. ಅಂದರೆ ಕಚೇರಿಯೊಳಗೆ ಒಂದು ಪಕ್ಷ. ಕಚೇರಿಯ ಮುಂದಿನ ರಸ್ತೆಗೆ ಒಪ್ಪಿಗೆ ಕೊಡುವ ಅಧಿಕಾರ ಇನ್ನೊಂದು ಪಕ್ಷದ ಕೈಯಲ್ಲಿ. ಮುಂದೆ ಏನಾಗಬಹುದೆಂದು ನೀವೇ ಊಹಿಸಬಹುದು.

2004ರ ಮಾರ್ಚ್ 20ರ ಚುನಾವಣೆಯಲ್ಲಿ ಚೆನ್ ಮೂವತ್ತು ಸಾವಿರಕ್ಕೂ ಕಡಿಮೆ ಮತಗಳ ಅಂತರದಿಂದ ಗೆದ್ದರು. ಹಿಂದಿನ ದಿನವಷ್ಟೇ ಅವರ ಮೇಲೆ ಗುಂಡಿನ ದಾಳಿ ನಡೆದಿತ್ತು. ಫಲಿತಾಂಶವನ್ನು ಒಪ್ಪದ ವಿರೋಧಿಗಳು ಕೆಟಗಲನ್ ಮಾರ್ಗಕ್ಕೆ ಬಂದು ಕುಳಿತರು. ಮಾರ್ಚ್ 27ರಂದು ಅಲ್ಲಿ ಬೃಹತ್ ಸಭೆ ನಡೆಯಿತು. ಮರುದಿನ ಪೊಲೀಸರು ರಸ್ತೆಯನ್ನು ತೆರವು ಮಾಡಿದರು. ಮೇಯರ್ ಮಾ ಅವರ ಪರಿಸ್ಥಿತಿಯನ್ನು ಯೋಚಿಸಿ ನೋಡಿ. ರಸ್ತೆಯಲ್ಲಿ ಕುಳಿತವರು ಅವರದೇ ಪಕ್ಷದವರು. ರಸ್ತೆಯ ಕಾನೂನನ್ನು ಕಾಯಬೇಕಾದವರು ಅವರೇ.

2006ರಲ್ಲಿ ಇನ್ನೂ ದೊಡ್ಡ ಘಟನೆ ನಡೆಯಿತು. ಚೆನ್ ಅವರ ಕುಟುಂಬದವರ ಮತ್ತು ಸಹಾಯಕರ ಮೇಲೆ ಭ್ರಷ್ಟಾಚಾರದ ಆರೋಪಗಳು ಬಂದಿದ್ದವು. ಅಧ್ಯಕ್ಷರು ರಾಜೀನಾಮೆ ಕೊಡಬೇಕೆಂದು ಚಳವಳಿ ಆರಂಭಿಸಿದವರು ಯಾರು ಗೊತ್ತೆ? ಅದೇ ಶಿಹ್ ಮಿಂಗ್-ತೆ. ಅವರು 1990ರಲ್ಲಿ ಸೆರೆಯಿಂದ ಹೊರಬಂದು, ಡಿ.ಪಿ.ಪಿ.ಯ ಅಧ್ಯಕ್ಷರೂ ಆಗಿ, 2000ದಲ್ಲಿ ಆ ಪಕ್ಷವನ್ನು ಬಿಟ್ಟಿದ್ದರು. ಬೆಂಬಲಿಗರು ತಲಾ 100 ತೈವಾನ್ ಡಾಲರ್ ಕಳುಹಿಸಬೇಕೆಂದು ಅವರು ಕರೆಕೊಟ್ಟರು. ಹಣ ರಾಶಿಯಾಗಿ ಬಂತು. ಸೆಪ್ಟೆಂಬರ್ 9ರಂದು ಕೆಂಪು ಅಂಗಿ ತೊಟ್ಟ ಜನಸಮೂಹ ಕೆಟಗಲನ್ ಮಾರ್ಗವನ್ನು ತುಂಬಿತು. ಒಮ್ಮೆ ಆಪಾದಿತರ ಪರ ವಾದಿಸಿದ್ದ ವಕೀಲರು ಈಗ ಕಚೇರಿಯೊಳಗೆ. ಅಂದಿನ ಆಪಾದಿತರು ಹೊರಗೆ ಮಳೆಯಲ್ಲಿ, ಧರಣಿಯಲ್ಲಿ.

ಆದರೆ ಸೆಪ್ಟೆಂಬರ್ 16ರಂದು ಅದೇ ರಸ್ತೆಯಲ್ಲಿ ಚೆನ್ ಅವರ ಬೆಂಬಲಿಗರ ಸಭೆ ನಿಗದಿಯಾಗಿತ್ತು. ಎರಡು ಬಣ, ಒಂದು ರಸ್ತೆ. ಸೆಪ್ಟೆಂಬರ್ 15ರ ರಾತ್ರಿ ದೊಡ್ಡ ಮೆರವಣಿಗೆಯ ನಂತರ ಕೆಂಪು ಅಂಗಿಯವರು ತಮ್ಮ ಧರಣಿಯನ್ನು ತೈಪೆಯ ಮುಖ್ಯ ರೈಲು ನಿಲ್ದಾಣದ ಮುಂದಕ್ಕೆ ಸ್ಥಳಾಂತರಿಸಿದರು. ಮರುದಿನ ಕೆಟಗಲನ್ ಮಾರ್ಗದಲ್ಲಿ ಅಧ್ಯಕ್ಷರ ಪರವಾದ ಸಭೆ ನಡೆಯಿತು. ಉದ್ವೇಗದ ದಿನಗಳಲ್ಲಿ ಎರಡು ಬಣಗಳು ಒಂದೇ ರಸ್ತೆಯಲ್ಲಿ ಮುಖಾಮುಖಿಯಾಗದೆ ಹೋದದ್ದು ಸಣ್ಣ ಮಾತಲ್ಲ. ಯಾರು ಯಾವ ದಿನ ಎಲ್ಲಿ ಎಂಬ ನಿಯಮದಿಂದ ಉಪಯೋಗವೂ ಇದೆ ಎಂಬುದಕ್ಕೆ ಇದು ಸಾಕ್ಷಿ. ಆದರೆ ಅದೇ ನಿಯಮ ಇನ್ನೊಂದು ಮಾತನ್ನೂ ಹೇಳುತ್ತದೆ: ಧರಣಿಗೆ ಎಷ್ಟೇ ಜನ ಬಂದಿರಲಿ, ದಿನಾಂಕ ಬೇರೆಯವರ ಹೆಸರಿನಲ್ಲಿದ್ದರೆ ಎದ್ದು ಹೋಗಬೇಕು.

ಪಾತ್ರಗಳು ಅದಲು ಬದಲಾದವು

2008ರಲ್ಲಿ ಮಾ ಯಿಂಗ್-ಜೌ ಅಧ್ಯಕ್ಷರಾದರು. ಡಿ.ಪಿ.ಪಿ. ಮತ್ತೆ ವಿರೋಧ ಪಕ್ಷವಾಯಿತು. ಆ ವರ್ಷದ ನವೆಂಬರಿನಲ್ಲಿ ಚೀನಾದ ಪ್ರತಿನಿಧಿ ಚೆನ್ ಯುನ್‌ಲಿನ್ ತೈಪೆಗೆ ಬಂದರು. ಅವರ ಭೇಟಿಯ ದಿನಗಳಲ್ಲಿ ಪೊಲೀಸರು ಪ್ರತಿಭಟನಕಾರರೊಂದಿಗೆ ನಡೆದುಕೊಂಡ ರೀತಿಯನ್ನು ಖಂಡಿಸಿ ವಿದ್ಯಾರ್ಥಿಗಳು ಧರಣಿ ಕುಳಿತರು. ಇದಕ್ಕೆ 'ಕಾಡು ಸ್ಟ್ರಾಬೆರಿ' ಚಳವಳಿ ಎಂದು ಹೆಸರು. ಸಭೆ ಮತ್ತು ಮೆರವಣಿಗೆ ಕಾಯಿದೆಯನ್ನು ಬದಲಾಯಿಸಬೇಕೆಂಬುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಆ ಕಾಯಿದೆಯಡಿ ಅನುಮತಿಯನ್ನೇ ಕೇಳದೆ ಅವರು ಕುಳಿತದ್ದರಲ್ಲೂ ಅರ್ಥವಿತ್ತು.

2009ರ ಮೇ 17ರಂದು ಡಿ.ಪಿ.ಪಿ. ತೈಪೆಯಲ್ಲಿ ದೊಡ್ಡ ಮೆರವಣಿಗೆ ನಡೆಸಿತು. ನಂತರ ಪಕ್ಷದ ಅಧ್ಯಕ್ಷೆ ತ್ಸಾಯ್ ಇಂಗ್-ವೆನ್ ಅವರ ನೇತೃತ್ವದಲ್ಲಿ ಕೆಟಗಲನ್ ಮಾರ್ಗದಲ್ಲಿ 24 ಗಂಟೆಗಳ ಧರಣಿ ನಡೆಯಿತು. ಅದಕ್ಕೆ ಅನುಮತಿ ಇರಲಿಲ್ಲ. ಪೊಲೀಸರು ಎಚ್ಚರಿಕೆಯ ಫಲಕಗಳನ್ನು ಎತ್ತಿ ಹಿಡಿದರು. ಅನುಮತಿ ಕೇಳುವ ಪದ್ಧತಿಯೇ ತಪ್ಪು ಎಂಬುದು ಧರಣಿ ಕುಳಿತವರ ವಾದ.

ಈಗ ಒಂದು ಲೆಕ್ಕ ಹಾಕೋಣ. ಅಧಿಕಾರವಿಲ್ಲದಾಗ ಪ್ರತಿ ಪಕ್ಷಕ್ಕೂ ಈ ಕಾಯಿದೆ ಕಟುವಾಗಿ ಕಾಣುತ್ತದೆ. ಅಧಿಕಾರ ಬಂದ ಮೇಲೆ ಅದು ಉಪಯುಕ್ತವಾಗಿ ಕಾಣತೊಡಗುತ್ತದೆ. ಅನುಮತಿಯ ಬದಲು ಮುಂಚಿತವಾಗಿ ತಿಳಿಸಿದರೆ ಸಾಕು ಎಂಬ ಪದ್ಧತಿ ತರುವ ಮಾತು ಕುವೊಮಿನ್‌ಟಾಂಗ್ ಆಳ್ವಿಕೆಯಲ್ಲೂ ಬಂತು, ಕಾಯಿದೆಯಾಗಲಿಲ್ಲ. 2016ರಲ್ಲಿ ತ್ಸಾಯ್ ಅಧ್ಯಕ್ಷರಾದರು. 2024ರ ಆರಂಭದವರೆಗೆ ಶಾಸನಸಭೆಯಲ್ಲೂ ಅವರ ಪಕ್ಷಕ್ಕೇ ಬಹುಮತವಿತ್ತು. ಕರಡು ಮಸೂದೆ ಸಮಿತಿಯನ್ನೂ ದಾಟಿತು. ಆದರೂ ಆ ಎಂಟು ವರ್ಷಗಳಲ್ಲಿ ಹಳೆಯ ಅನುಮತಿ ಪದ್ಧತಿ ಕಾಯಿದೆಯಿಂದ ಹೊರಬೀಳಲಿಲ್ಲ. ಇದು ಒಂದೇ ಪಕ್ಷದ ದೋಷವೆಂದು ಹೇಳಿದರೆ ಇತಿಹಾಸಕ್ಕೆ ಅನ್ಯಾಯವಾಗುತ್ತದೆ.

ನ್ಯಾಯಾಲಯ ಹೇಳಿದ್ದೇನು?

ಪಕ್ಷಗಳು ಮಾಡದ ಕೆಲಸವನ್ನು ಸ್ವಲ್ಪಮಟ್ಟಿಗೆ ಮಾಡಿದ್ದು ಸಂವಿಧಾನದ ವ್ಯಾಖ್ಯಾನ ಮಾಡುವ ನ್ಯಾಯಾಧೀಶರು. 1998ರ ಜನವರಿಯಲ್ಲಿ, ತಮ್ಮ 445ನೇ ವ್ಯಾಖ್ಯಾನದಲ್ಲಿ, ಅವರು ಒಂದು ಮುಖ್ಯ ವಿಂಗಡಣೆ ಮಾಡಿದರು. ಸಮಯ, ಸ್ಥಳ ಮತ್ತು ವಿಧಾನದ ಬಗ್ಗೆ ನಿಯಮ ಮಾಡಬಹುದು. ಆದರೆ ಕಮ್ಯುನಿಸಂ ಅಥವಾ ದೇಶ ವಿಭಜನೆಯ ಪರವಾಗಿ ಮಾತನಾಡುತ್ತಾರೆಂದು ಮೊದಲೇ ಅನುಮತಿ ನಿರಾಕರಿಸುವುದು ಸಂವಿಧಾನಕ್ಕೆ ವಿರುದ್ಧ. ಬೇರೆ ಮಾತಿನಲ್ಲಿ ಹೇಳುವುದಾದರೆ, ಎಲ್ಲಿ ಮತ್ತು ಯಾವಾಗ ಎಂದು ಸರ್ಕಾರ ಕೇಳಬಹುದು. ಏನು ಹೇಳುತ್ತೀರಿ ಎಂದು ಕೇಳಿ ಬಾಗಿಲು ಮುಚ್ಚುವಂತಿಲ್ಲ.

2014ರ ಮಾರ್ಚ್ 18ರಂದು ಚೀನಾದೊಂದಿಗಿನ ಸೇವಾ ವ್ಯಾಪಾರ ಒಪ್ಪಂದವನ್ನು ವಿರೋಧಿಸಿ ವಿದ್ಯಾರ್ಥಿಗಳು ಶಾಸನಸಭೆಯ ಒಳಗೇ ನುಗ್ಗಿ ಕುಳಿತರು. ಅದು ಪ್ರಸಿದ್ಧವಾದ 'ಸೂರ್ಯಕಾಂತಿ' ಚಳವಳಿ. ಕೇವಲ ಮೂರು ದಿನಗಳ ಬಳಿಕ, ಮಾರ್ಚ್ 21ರಂದು, 718ನೇ ವ್ಯಾಖ್ಯಾನ ಹೊರಬಂತು. ಅದರ ಮೂಲ 2008ರ ಪ್ರತಿಭಟನೆಗೆ ಸಂಬಂಧಿಸಿದ ಮೊಕದ್ದಮೆಗಳಲ್ಲಿತ್ತು. ದಿಢೀರನೆ ಹುಟ್ಟುವ ಅಥವಾ ತುರ್ತಾದ ಸಭೆಗೂ ಮುಂಚಿತ ಅನುಮತಿ ಬೇಕೆನ್ನುವುದು ಸಂವಿಧಾನಕ್ಕೆ ವಿರುದ್ಧ ಎಂದು ಅದು ಹೇಳಿತು. 2015ರ ಜನವರಿ 1ರಿಂದ ಆ ಭಾಗಗಳಿಗೆ ಬೆಲೆ ಇಲ್ಲದಾಯಿತು. ತರ್ಕ ಸರಳ: ಇಂದು ಅನ್ಯಾಯ ನಡೆದರೆ ಆರು ದಿನ ಕಾದು ಸಿಟ್ಟು ಮಾಡಿಕೊಳ್ಳಿ ಎಂದು ನಾಗರಿಕರಿಗೆ ಹೇಳಲಾಗುತ್ತದೆಯೆ?

ಆದರೂ ಸಾಧಾರಣ ಸಭೆಗಳಿಗೆ ಅನುಮತಿ ಪದ್ಧತಿ ಸಂವಿಧಾನಬದ್ಧ ಎಂದೇ ನ್ಯಾಯಾಧೀಶರು ಉಳಿಸಿದರು. ಆದ್ದರಿಂದ ಜಾಗ ಕಾದಿರಿಸುವ ಪೈಪೋಟಿಯೂ ಉಳಿಯಿತು.

ಸರದಿ ಹೇಗೆ ನಡೆದರೆ ಚೆನ್ನ?

ಈ ಕಥೆಯಲ್ಲಿ ಒಳ್ಳೆಯ ಪುಟಗಳೂ ಇವೆ. 2020ರ ಜನವರಿ 9ರಂದು ಕುವೊಮಿನ್‌ಟಾಂಗ್ ಅಭ್ಯರ್ಥಿ ಹಾನ್ ಕುವೊ-ಯು ಅವರ ಪ್ರಚಾರ ಸಭೆ ಕೆಟಗಲನ್ ಮಾರ್ಗದಲ್ಲಿ ನಡೆಯಿತು. ಮರುರಾತ್ರಿ ಅದೇ ರಸ್ತೆಯಲ್ಲಿ ತ್ಸಾಯ್ ಅವರ ಸಭೆ. 11ರಂದು ಜನ ಶಾಂತವಾಗಿ ಮತ ಹಾಕಿದರು. 2024ರ ಚುನಾವಣೆಗೆ ಮೊದಲು, ಜನವರಿ 11ರಂದು ಡಿ.ಪಿ.ಪಿ.ಯೂ 12ರಂದು ತೈವಾನ್ ಪೀಪಲ್ಸ್ ಪಾರ್ಟಿಯೂ ಅಲ್ಲಿ ಸಭೆ ನಡೆಸಿದವು. ಆಗ ತೈಪೆಯ ಮೇಯರ್ ಆಗಿದ್ದವರು ಕುವೊಮಿನ್‌ಟಾಂಗ್ ಪಕ್ಷದವರು ಎಂಬುದನ್ನು ಗಮನಿಸಿ. 1979ರಲ್ಲಿ ಸಭೆಗೆ ಹೋದವರು ಸೆರೆಮನೆಗೆ ಹೋಗಿದ್ದ ನಾಡಿನಲ್ಲಿ ಎದುರಾಳಿಗಳು ಒಂದೇ ರಸ್ತೆಯನ್ನು ದಿನ ಹಂಚಿಕೊಂಡು ಬಳಸುವುದು ದೊಡ್ಡ ಸಾಧನೆಯೇ ಸರಿ.

ಆದರೆ ಪಕ್ಷಗಳಿಗೆ ಕಾರ್ಯಕರ್ತರಿದ್ದಾರೆ, ವಕೀಲರಿದ್ದಾರೆ, ಅರ್ಜಿ ಬರೆಯುವವರಿದ್ದಾರೆ. ಇದಾವುದೂ ಇಲ್ಲದವರ ಗತಿಯೇನು? 2017ರ ಫೆಬ್ರವರಿ 23ರಂದು ಮೂಲನಿವಾಸಿಗಳ ಒಂದು ಸಣ್ಣ ಗುಂಪು ಕೆಟಗಲನ್ ಮಾರ್ಗದಲ್ಲಿ ಧರಣಿ ಕುಳಿತಿತು. ಅವರ ಪರಂಪರೆಯ ಭೂಮಿಯನ್ನು ಗುರುತಿಸುವ ಹೊಸ ನಿಯಮದಲ್ಲಿ ಖಾಸಗಿ ಜಮೀನನ್ನು ಕೈಬಿಟ್ಟದ್ದಕ್ಕೆ ಅವರ ವಿರೋಧ. ಮೂಲನಿವಾಸಿ ಜನಾಂಗದ ಹೆಸರನ್ನೇ ಹೊತ್ತ ರಸ್ತೆಯಲ್ಲಿ ಅವರು ಕುಳಿತಿದ್ದರು. ಆ ಜೂನ್ ತಿಂಗಳಲ್ಲಿ ಅವರನ್ನು ಅಲ್ಲಿಂದ ತೆರವು ಮಾಡಲಾಯಿತು. ಹತ್ತಿರದ ಮೆಟ್ರೋ ನಿಲ್ದಾಣದ ಬಾಗಿಲ ಬಳಿ, ಆಮೇಲೆ ಸಮೀಪದ ಉದ್ಯಾನದಲ್ಲಿ ಅವರ ಧರಣಿ ಮುಂದುವರಿಯಿತು. 2024ರ ಮೇ ತಿಂಗಳವರೆಗೆ, ಏಳು ವರ್ಷಕ್ಕೂ ಮಿಕ್ಕಿ! ಅವರಿಗೆ ಎದುರಾಳಿ ಪಕ್ಷವೊಂದು ಅಡ್ಡಬಂದಿರಲಿಲ್ಲ. ದೊಡ್ಡವರ ಸರದಿಯ ಪಟ್ಟಿಯಲ್ಲಿ ಅವರಿಗೆ ಸ್ಥಾನವಿರಲಿಲ್ಲ, ಅಷ್ಟೆ.

ವಿದ್ಯಾರ್ಥಿಗಳೆ, ರಸ್ತೆ ಎಲ್ಲರದು ಎಂದು ಹೇಳಿ ಮುಗಿಸಿದರೆ ಈ ಪ್ರಶ್ನೆ ಮುಗಿಯುವುದಿಲ್ಲ. ಎಲ್ಲರದ್ದನ್ನು ಹಂಚುವ ನಿಯಮ ಬೇಕೇ ಬೇಕು. ಆ ನಿಯಮವನ್ನು ಬರೆಯುವವರು, ನಾಳೆ ತಾವು ಕಚೇರಿಯ ಹೊರಗೆ ನಿಲ್ಲಬೇಕಾದೀತು ಎಂದು ನೆನೆದು ಬರೆದರೆ ಅದು ನ್ಯಾಯದ ಹತ್ತಿರ ಬರುತ್ತದೆ. ತೈವಾನಿನ ಪಕ್ಷಗಳಿಗೆ ಈ ಅನುಭವ ಎರಡೆರಡು ಬಾರಿ ಆಗಿದೆ.

ಗೆಳೆಯರೊಂದಿಗೆ ಚರ್ಚಿಸಲು ಮೂರು ಪ್ರಶ್ನೆಗಳನ್ನು ಕೊಡುತ್ತಿದ್ದೇವೆ. ಒಂದು: ಮೊದಲು ಅರ್ಜಿ ಹಾಕಿದವರಿಗೆ ಜಾಗ ಎಂಬ ನಿಯಮ ನ್ಯಾಯವೆ? ಚೀಟಿ ಎತ್ತಿದರೆ ಹೇಗೆ? ಒಂದು ಗುಂಪಿಗೆ ಇಷ್ಟೇ ದಿನ ಎಂದು ಮಿತಿ ಇಟ್ಟರೆ ಹೇಗೆ? ಎರಡು: ಜಾಗ ಕಾದಿರಿಸಿ ಬಳಸದೆ ಬಿಟ್ಟವರಿಗೆ ಏನು ಮಾಡಬೇಕು? ಮೂರು: ಅರ್ಜಿ ಹಾಕುವುದೂ ತಿಳಿಯದ ಹತ್ತು ಜನರ ಗುಂಪಿಗೆ ಅಧ್ಯಕ್ಷರ ಕಿಟಕಿಗೆ ಕಾಣುವಂತೆ ಒಂದು ಮೂಲೆಯನ್ನಾದರೂ ಯಾವಾಗಲೂ ಬಿಟ್ಟಿಡಬೇಕೆ? ನಿಮ್ಮ ಉತ್ತರವನ್ನು ಬರೆದಿಡಿ. ಅದನ್ನು ಓದುವಾಗ, ಜಾಗ ಕೇಳಿದ ಗುಂಪು ನಿಮಗೆ ಇಷ್ಟವಾಗದ ಗುಂಪೆಂದು ಭಾವಿಸಿ ಇನ್ನೊಮ್ಮೆ ಓದಿ ನೋಡಿ.